ಹಾಲು ಕುಡಿಯುವ ಕೂಸಿಗೆ ನಿಪ್ಪಲ್ ಬೇಕೆ?

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ಮಾದಾವರಕ್ಕೂ ನೆಲಮಂಗಲಕ್ಕೂ ನಡುವೆ ಮಾಕಳಿ ಸಿಗುತ್ತದೆ. ಹಿಂದೆ ಹೊಲ ತೋಟಗಳ ಹಳ್ಳಿ. ಈಗ ಹಿಮಾಲಯ ಔಷಧ ಕಂಪನಿಯ ಆವರಣ, ಗೋದಾಮು, ಲೇಔಟು, ಸಾಲು ಸಾಲು ಬಾಡಿಗೆ ಮನೆ. 2024ರ ನವೆಂಬರಿನಲ್ಲಿ ಮೆಟ್ರೊ ಹಸಿರು ಮಾರ್ಗ ಮಾದಾವರದ ತನಕ ಬಂದ ಮೇಲೆ ಊರು ನಗರಕ್ಕೆ ಇನ್ನಷ್ಟು ಹತ್ತಿರವಾಗಿದೆ. ಇಂಥ ಊರುಗಳ ಮೆಡಿಕಲ್ ಶಾಪಿನಲ್ಲಿ ಬೇಬಿ ಸೋಪು, ಪೌಡರು, ಡೈಪರುಗಳ ಪಕ್ಕದಲ್ಲೇ ಬಣ್ಣಬಣ್ಣದ ಒಂದು ಸಾಮಾನು ತೂಗುತ್ತಿರುತ್ತದೆ. ಮುಂದೆ ಮೆತ್ತನೆಯ ತೊಟ್ಟು, ಹಿಂದೆ ಒಂದು ಬಿಲ್ಲೆ, ಬಿಲ್ಲೆಗೊಂದು ಉಂಗುರ. ಡಬ್ಬದ ಮೇಲೆ ಪ್ಯಾಸಿಫೈಯರ್ ಅಂತಲೋ ಸೂದರ್ ಅಂತಲೋ ಬರೆದಿರುತ್ತದೆ, ಮನೆಗಳಲ್ಲಿ ಬರೀ ನಿಪ್ಪಲ್ ಅನ್ನುತ್ತಾರೆ. ಇದರಿಂದ ಹಾಲು ಬರುವುದಿಲ್ಲ, ಮಗು ಸುಮ್ಮನೆ ಚೀಪುತ್ತದೆ, ಚೀಪುತ್ತಾ ಅಳು ನಿಲ್ಲಿಸುತ್ತದೆ. ತಾಯಿಯ ಹಾಲು ಕುಡಿಯುವ ಕೂಸಿಗೆ ಇದನ್ನು ಕೊಡಬಹುದೇ ಎಂಬುದು ಇವತ್ತಿನ ಮಾತಿನ ವಿಷಯ. ನೋಡುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಹೆರಿಗೆಯಾದ ಮೊದಲ ವಾರಗಳಲ್ಲಿ ಒಂದು ಮನೆ ಹೇಗೆ ನಡೆಯುತ್ತದೆ ಅನ್ನುವುದೆಲ್ಲ ಅದರೊಳಗಿದೆ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ. ಕೊಡಲೇಬಾರದು, ಕೊಟ್ಟರೆ ಮಗು ಮೊಲೆ ಬಿಟ್ಟುಬಿಡುತ್ತದೆ ಅನ್ನುವುದು ಒಂದು. ಸಂಶೋಧನೆಯಲ್ಲಿ ಏನೂ ತೊಂದರೆಯಿಲ್ಲ ಅಂತ ಬಂದಿದೆ, ನಿಶ್ಚಿಂತೆಯಿಂದ ಕೊಡಿ ಅನ್ನುವುದು ಇನ್ನೊಂದು. ಎರಡರಲ್ಲೂ ಸತ್ಯದ ಪಾಲಿದೆ, ಎರಡೂ ಪೂರ್ತಿ ಸರಿಯಲ್ಲ. ಸಿಕ್ಕಿರುವ ಪುರಾವೆಗಳನ್ನು ಕೂಡಿಸಿ ನೋಡಿದಾಗ ನಾನು ಮುಟ್ಟಿದ ತೀರ್ಮಾನ ಇದು. ಹೆರಿಗೆಯಾದ ಮೊದಲ ನಾಲ್ಕು ವಾರ ಈ ನಿಪ್ಪಲ್ ಮನೆಯೊಳಗೆ ಬರುವುದೇ ಬೇಡ. ಆಮೇಲೆ ಕೊಡಬಹುದೋ ಇಲ್ಲವೋ ಅನ್ನುವುದನ್ನು ಮಗುವಿನ ತೂಕ ನೋಡಿ ತೀರ್ಮಾನಿಸಬೇಕು, ಅಳು ಕೇಳಿ ತೀರ್ಮಾನಿಸಬಾರದು. ಒಂದು ಮನೆಯಲ್ಲಿ ನಿಪ್ಪಲ್ ಪದೇ ಪದೇ ಬೇಕಾಗುತ್ತಿದ್ದರೆ ಅಲ್ಲಿ ಬೇರೆ ಏನೋ ಕೊರತೆಯಿದೆ ಎಂದು ತಿಳಿದು ಆ ಕೊರತೆಯನ್ನು ಹುಡುಕಬೇಕು.

ಮೊದಲು ತಜ್ಞರ ಸಲಹೆ ಹೇಗೆ ಬದಲಾಯಿತು ನೋಡೋಣ. 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ, ಹೆರಿಗೆ ಆಸ್ಪತ್ರೆಗಳಲ್ಲಿ ಎದೆಹಾಲಿಗೆ ಬೆಂಬಲ ಸಿಗಲು ಹತ್ತು ಹೆಜ್ಜೆಗಳನ್ನು ಪ್ರಕಟಿಸಿದವು. ಒಂಬತ್ತನೆಯ ಹೆಜ್ಜೆ ಕಟ್ಟುನಿಟ್ಟಾಗಿತ್ತು: ಎದೆಹಾಲು ಕುಡಿಯುವ ಶಿಶುಗಳಿಗೆ ಕೃತಕ ತೊಟ್ಟುಗಳನ್ನಾಗಲಿ ಚೀಪುವ ನಿಪ್ಪಲ್ಲನ್ನಾಗಲಿ ಕೊಡಕೂಡದು. 1991ರಲ್ಲಿ ಶುರುವಾದ ಶಿಶುಸ್ನೇಹಿ ಆಸ್ಪತ್ರೆಗಳ ಕಾರ್ಯಕ್ರಮ ಈ ಹತ್ತು ಹೆಜ್ಜೆಗಳ ಮೇಲೆಯೇ ನಿಂತಿತು. 2018ರಲ್ಲಿ ಅವನ್ನು ಪರಿಷ್ಕರಿಸಿದಾಗ ಒಂಬತ್ತನೆಯ ಹೆಜ್ಜೆಯ ಧಾಟಿ ಬದಲಾಯಿತು. ಹಾಲಿನ ಬಾಟಲಿ, ತೊಟ್ಟು, ನಿಪ್ಪಲ್‌ಗಳ ಬಳಕೆ ಮತ್ತು ಅವುಗಳ ಅಪಾಯದ ಬಗ್ಗೆ ತಾಯಂದಿರಿಗೆ ತಿಳಿಹೇಳಬೇಕು ಎಂದಾಯಿತು. ನಿಷೇಧ ಹೋಗಿ ಸಮಾಲೋಚನೆ ಬಂತು. ಇದನ್ನು ಅನುಮತಿ ಎಂದು ಓದಿದವರು ಬಹಳ. ನನಗೆ ಅದು ಹಾಗೆ ಕಾಣುವುದಿಲ್ಲ. ಬೇಡ ಎಂದು ಗೋಡೆಗೆ ಬರೆದು ಹಾಕಿದರೆ ಕೆಲಸ ಮುಗಿಯುತ್ತಿತ್ತು. ತಿಳಿಹೇಳಬೇಕು ಎಂದರೆ ಹೇಳುವ ಮನುಷ್ಯರು ಬೇಕು, ಕೂತು ಹೇಳುವಷ್ಟು ಹೊತ್ತು ಬೇಕು, ಕೇಳುವ ತಾಯಿಗೆ ಅರ್ಥವಾಗುವ ಭಾಷೆ ಬೇಕು. ಸಲಹೆ ಸಡಿಲವಾದಷ್ಟೂ ವ್ಯವಸ್ಥೆಯ ಮೇಲಿನ ಹೊಣೆ ಹೆಚ್ಚುತ್ತದೆ.

ಸಲಹೆ ಯಾಕೆ ಸಡಿಲವಾಯಿತು? ಸಂಶೋಧಕರು ಎದುರಿಸಿದ ತೊಡಕು ಬಹಳ ಸ್ವಾರಸ್ಯದ್ದು. ನಿಪ್ಪಲ್ ಚೀಪುವ ಮಕ್ಕಳು ಎದೆಹಾಲನ್ನು ಬೇಗ ಬಿಡುತ್ತಾರೆ ಎಂದು ದೇಶದೇಶಗಳ ಅಧ್ಯಯನಗಳಲ್ಲಿ ಮೇಲಿಂದ ಮೇಲೆ ಕಂಡಿತ್ತು. ಆದರೆ ನಿಪ್ಪಲ್ ಕೊಟ್ಟಿದ್ದರಿಂದ ಹಾಲು ನಿಂತಿತೋ, ಹಾಲೂಡುವುದು ಕಷ್ಟವಾದ್ದರಿಂದ ನಿಪ್ಪಲ್ ಬಂತೋ? ಬರೀ ಎಣಿಕೆಯಿಂದ ಇದನ್ನು ಬಿಡಿಸಲಾಗುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ 281 ತಾಯಂದಿರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿಪ್ಪಲ್ ಬೇಡ, ಮಗು ಅತ್ತರೆ ಬೇರೆ ರೀತಿ ಸಮಾಧಾನ ಮಾಡಿ ಎಂದು ಹೇಳಿಕೊಟ್ಟರು. ಇನ್ನೊಂದು ಗುಂಪಿಗೆ ನಿಪ್ಪಲ್ ಬೇಡ ಎಂದು ಹೇಳಲಿಲ್ಲ. 2001ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರು ತಿಂಗಳೊಳಗೆ ಎದೆಹಾಲು ಬಿಟ್ಟ ಮಕ್ಕಳು ಒಂದು ಗುಂಪಿನಲ್ಲಿ ಶೇ. 18.9, ಇನ್ನೊಂದರಲ್ಲಿ ಶೇ. 18.3. ವ್ಯತ್ಯಾಸವೇ ಇಲ್ಲ ಅನ್ನಬಹುದು. ಅದೇ ಮಕ್ಕಳನ್ನು ಗುಂಪು ಮರೆತು, ದಿನಾ ನಿಪ್ಪಲ್ ಚೀಪಿದವರು ಮತ್ತು ಚೀಪದವರು ಎಂದು ವಿಂಗಡಿಸಿದಾಗ ಬೇರೆಯೇ ಚಿತ್ರ ಬಂತು. ಚೀಪಿದವರಲ್ಲಿ ಶೇ. 25 ಮಕ್ಕಳು ಹಾಲು ಬಿಟ್ಟಿದ್ದರು, ಚೀಪದವರಲ್ಲಿ ಶೇ. 12.9 ಮಾತ್ರ. ಒಂದೇ ಅಧ್ಯಯನ, ಅವೇ ಮಕ್ಕಳು, ಎರಡು ಉತ್ತರ. ಸಂಶೋಧಕರು ಇದಕ್ಕೆ ಕೊಟ್ಟ ಅರ್ಥ ನನಗೆ ಸರಿ ಅನ್ನಿಸುತ್ತದೆ: ನಿಪ್ಪಲ್ ಬಹುಮಟ್ಟಿಗೆ ಹಾಲೂಡಿಸುವಲ್ಲಿ ಆಗುತ್ತಿರುವ ತೊಂದರೆಯ ಗುರುತು, ಅಥವಾ ತಾಯಿಯ ಮನಸ್ಸು ಹಾಲೂಡುವುದರಿಂದ ಹಿಂದೆ ಸರಿಯುತ್ತಿರುವುದರ ಗುರುತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ನಿಪ್ಪಲ್ ಬೇಡ ಎಂದು ಹೇಳಿಸಿಕೊಂಡ ತಾಯಂದಿರ ಮಕ್ಕಳು ಉಳಿದವರಿಗಿಂತ ಹೆಚ್ಚು ಅಳಲಿಲ್ಲ.

ಆಮೇಲೆ ಅರ್ಜೆಂಟೀನಾದಲ್ಲಿ 1,021 ತಾಯಂದಿರನ್ನು ಕೂಡಿಸಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. 2009ರಲ್ಲಿ ಬಂದ ವರದಿಯ ಪ್ರಕಾರ, ನಿಪ್ಪಲ್ ಕೊಟ್ಟ ಗುಂಪಿನಲ್ಲಿ ಮೂರು ತಿಂಗಳಿಗೆ ಬರೀ ಎದೆಹಾಲು ಕುಡಿಯುತ್ತಿದ್ದವರು ಶೇ. 85.8, ಕೊಡದ ಗುಂಪಿನಲ್ಲಿ ಶೇ. 86.2. ಈ ಎರಡು ಪ್ರಯೋಗಗಳ 1,302 ಮಕ್ಕಳ ಲೆಕ್ಕವನ್ನು ಕೂಡಿಸಿ ಕೊಕ್ರೇನ್ ಎಂಬ ಸಂಶೋಧಕರ ಸಂಸ್ಥೆಯ ವಿಮರ್ಶೆ ಬಂದಿತು. ಮೊದಲ ನಾಲ್ಕು ತಿಂಗಳ ಎದೆಹಾಲಿನ ಮೇಲೆ ನಿಪ್ಪಲ್ಲಿನ ಪರಿಣಾಮ ಹೇಳಿಕೊಳ್ಳುವಷ್ಟಿಲ್ಲ ಎಂಬುದು ಅದರ ತೀರ್ಪು. ಇವತ್ತು ‘ಏನೂ ತೊಂದರೆಯಿಲ್ಲ’ ಅನ್ನುವವರೆಲ್ಲ ಆತುಕೊಂಡಿರುವುದು ಇದನ್ನೇ.

ಆದರೆ ಆ ಅರ್ಜೆಂಟೀನಾದ ಪ್ರಯೋಗಕ್ಕೆ ಯಾರನ್ನು ಸೇರಿಸಿಕೊಂಡರು ಅನ್ನುವುದನ್ನು ಗಮನಿಸಿ. ಮಗುವಿಗೆ ಹದಿನೈದು ದಿನ ತುಂಬಿರಬೇಕು, ಹುಟ್ಟಿದಾಗಿನ ತೂಕವನ್ನು ಮರಳಿ ಪಡೆದಿರಬೇಕು. ತಾಯಿಯ ಎದೆಯಲ್ಲಿ ನೋವು, ಗಾಯ ಇರಬಾರದು. ಕಡೇಪಕ್ಷ ಮೂರು ತಿಂಗಳು ಹಾಲೂಡಲೇಬೇಕೆಂಬ ಗಟ್ಟಿ ಮನಸ್ಸು ಆಕೆಗಿರಬೇಕು. ಅಂದರೆ ಹಾಲೂಡುವುದರ ಕಷ್ಟದ ಭಾಗವನ್ನು ಆಗಲೇ ದಾಟಿದವರು. ಅಂಥವರಿಗೆ ನಿಪ್ಪಲ್ಲಿನಿಂದ ಕೆಡುಕಾಗಲಿಲ್ಲ ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಿಸೇರಿಯನ್ ಆಗಿ ಆರನೆಯ ದಿನಕ್ಕೆ ಮನೆಗೆ ಬಂದ, ತೊಟ್ಟು ಬಿರಿದ, ಹಾಲು ಸಾಲುತ್ತಿಲ್ಲವೇನೋ ಎಂದು ಹೆದರಿ ಕೂತ ತಾಯಿಗೆ ಆ ಫಲಿತಾಂಶ ಅನ್ವಯಿಸುತ್ತದೆ ಎಂದು ಹೇಳಲು ಆಧಾರವಿಲ್ಲ. ಅಮೆರಿಕದ ರೋಚೆಸ್ಟರ್‌ನಲ್ಲಿ 700 ಮಕ್ಕಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗ ಈ ಮೊದಲ ದಿನಗಳನ್ನೇ ನೋಡಿತ್ತು. ಎರಡರಿಂದ ಐದನೆಯ ದಿನದೊಳಗೆ ನಿಪ್ಪಲ್ ಶುರುಮಾಡಿದ ಮಕ್ಕಳಲ್ಲಿ, ನಾಲ್ಕು ವಾರ ಕಳೆದ ಮೇಲೆ ಶುರುಮಾಡಿದವರಿಗಿಂತ ಎದೆಹಾಲು ಬೇಗ ಕುಂದಿತು. ಹಾಗಾಗಿ ಈ ಪುರಾವೆಗಳು ಒಂದಕ್ಕೊಂದು ವಿರುದ್ಧವಲ್ಲ. ಕಾಲ ಯಾವುದು, ತಾಯಿ ಯಾವ ಸ್ಥಿತಿಯಲ್ಲಿದ್ದಾಳೆ ಎಂಬುದನ್ನು ಸೇರಿಸಿ ಓದಿದರೆ ಅವು ಒಂದೇ ದಾರಿ ತೋರಿಸುತ್ತವೆ.

ಮೊದಲ ನಾಲ್ಕು ವಾರದಲ್ಲಿ ಅಂಥದ್ದೇನಿದೆ? ತಾಯಿಯ ಹಾಲು ಕೇಳಿದಷ್ಟು ಹುಟ್ಟುವ ಹಾಲು. ಮಗು ಮೊಲೆ ಚೀಪಿದಾಗ ಆ ಸುದ್ದಿ ನರಗಳ ಮೂಲಕ ತಾಯಿಯ ಮೆದುಳಿಗೆ ಹೋಗಿ ಎರಡು ಹಾರ್ಮೋನುಗಳು ಬಿಡುಗಡೆಯಾಗುತ್ತವೆ. ಹಾಲು ತಯಾರಾಗುವುದಕ್ಕೆ ಪ್ರೊಲ್ಯಾಕ್ಟಿನ್, ತಯಾರಾದ ಹಾಲು ತೊಟ್ಟಿಗೆ ಇಳಿಯುವುದಕ್ಕೆ ಆಕ್ಸಿಟೋಸಿನ್. ಎದೆ ಖಾಲಿಯಾದಷ್ಟೂ ಹೊಸ ಹಾಲು ಬೇಗ ತುಂಬುತ್ತದೆ, ತುಂಬಿಯೇ ಉಳಿದರೆ ಉತ್ಪತ್ತಿ ತಗ್ಗುತ್ತದೆ. ರಾತ್ರಿ ಹೊತ್ತು ಪ್ರೊಲ್ಯಾಕ್ಟಿನ್ ಪ್ರಮಾಣ ಹೆಚ್ಚು, ಆದ್ದರಿಂದ ರಾತ್ರಿ ಕುಡಿಸುವುದಕ್ಕೆ ವಿಶೇಷ ಬೆಲೆ. ಮೊದಲ ವಾರಗಳಲ್ಲಿ ಕೂಸು ದಿನರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಯಬೇಕು. ಕೆಲವು ಸಂಜೆ ಒಂದರ ಮೇಲೊಂದು, ಬಿಡುವೇ ಇಲ್ಲದ ಹಾಗೆ ಕೇಳುತ್ತದೆ. ಈಗ ತಾನೆ ಕುಡಿದಿದೆಯಲ್ಲ, ಮತ್ತೆ ಯಾಕೆ ಅಳು ಎಂದು ಮನೆಯವರಿಗೆ ಅನ್ನಿಸುವುದು ಆ ಹೊತ್ತಿನಲ್ಲೇ. ಹಾಲು ಸಾಲುತ್ತಿಲ್ಲ, ಪುಡಿ ಹಾಲು ತಂದುಬಿಡೋಣ ಎಂಬ ಮಾತು ಹುಟ್ಟುವುದೂ ಆಗಲೇ. ಮಗು ಮಾಡುತ್ತಿರುವುದು ನಾಳೆಗೆ ಬೇಕಾದ ಹಾಲಿಗೆ ಇವತ್ತೇ ಹೇಳಿಕಳಿಸುವ ಕೆಲಸ. ಆ ಬಾಯಿಗೆ ಸಿಲಿಕೋನಿನ ತೊಟ್ಟು ಇಟ್ಟರೆ ಸಂದೇಶ ತಾಯಿಗೆ ತಲುಪುವುದೇ ಇಲ್ಲ. ಒಂದು ದಿನದಲ್ಲಿ ಎರಡು ಸರದಿ ತಪ್ಪಿದರೆ ಗೊತ್ತಾಗುವುದಿಲ್ಲ, ಹತ್ತು ದಿನ ಹಾಗೇ ನಡೆದರೆ ತಕ್ಕಡಿಯಲ್ಲಿ ಕಾಣುತ್ತದೆ.

ಇಲ್ಲಿ ಇನ್ನೊಂದು ವಿಷಯವಿದೆ, ಮನೆಮಂದಿ ಇದನ್ನು ತಿಳಿದಿರಬೇಕು. ಅಳು ಹಸಿವಿನ ಮೊದಲ ಸೂಚನೆಯಲ್ಲ, ಕೊನೆಯದು. ಅದಕ್ಕೂ ಮುಂಚೆ ಕೂಸು ಮಿಸುಕಾಡುತ್ತದೆ, ತಲೆ ಅತ್ತಿತ್ತ ಹೊರಳಿಸುತ್ತದೆ, ಬಾಯಿ ತೆರೆದು ಹುಡುಕುತ್ತದೆ, ಕೈ ಬಾಯಿಗೆ ಒಯ್ಯುತ್ತದೆ, ತುಟಿ ಚಪ್ಪರಿಸುತ್ತದೆ. ಬಾಯಲ್ಲಿ ನಿಪ್ಪಲ್ ಇರುವ ಮಗುವಿನಲ್ಲಿ ಈ ಸೂಚನೆಗಳು ಮರೆಯಾಗಬಹುದು. ಚೊಚ್ಚಲ ತಾಯಿ ಮಗುವಿನ ಚಹರೆ ಓದಲು ಕಲಿಯುವುದು ಇದೇ ನಾಲ್ಕು ವಾರಗಳಲ್ಲಿ. ಆ ಕಲಿಕೆ ತಪ್ಪಿಹೋಗುವುದು ನಿಪ್ಪಲ್ಲಿನ ಎಲ್ಲಕ್ಕಿಂತ ದೊಡ್ಡ ನಷ್ಟ ಎಂದು ನನ್ನ ಭಾವನೆ. ಮಗುವಿಗೆ ಮೊಲೆಗೂ ನಿಪ್ಪಲ್ಲಿಗೂ ವ್ಯತ್ಯಾಸ ತಿಳಿಯದೆ ಗೊಂದಲವಾಗುತ್ತದೆ ಎಂದು ಬಹಳ ಜನ ಹೆದರಿಸುತ್ತಾರೆ. ಹಾಲಿನ ಬಾಟಲಿಯ ವಿಷಯದಲ್ಲಿ ಆ ಹೆದರಿಕೆಗೆ ಅರ್ಥವಿದೆ. ಬರೀ ಚೀಪುವ ನಿಪ್ಪಲ್ಲಿನ ವಿಷಯದಲ್ಲಿ ಅದಕ್ಕಿರುವ ಪುರಾವೆ ದುರ್ಬಲ. ದುರ್ಬಲ ಕಾರಣ ಹೇಳಿ ಹೆದರಿಸಿದರೆ, ಕೊಟ್ಟು ನೋಡಿ ಏನೂ ಆಗದ ತಾಯಿ ಉಳಿದ ಸಲಹೆಗಳನ್ನೂ ನಂಬುವುದು ಬಿಡುತ್ತಾಳೆ.

ನಮ್ಮ ರಾಜ್ಯದ ಸ್ಥಿತಿ ಈ ಮಾತಿಗೆ ಇನ್ನಷ್ಟು ತೂಕ ಕೊಡುತ್ತದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಹಾಗಿದ್ದೂ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿದ ಮಕ್ಕಳು ಸುಮಾರು ಅರ್ಧದಷ್ಟು ಮಾತ್ರ. ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲಿನ ಮೇಲಿರುವವರು ಸುಮಾರು ಶೇ. 61. ಹತ್ತರಲ್ಲಿ ಮೂರು ಹೆರಿಗೆ ಸಿಸೇರಿಯನ್. ಆಪರೇಷನ್ ಆದ ತಾಯಿಗೆ ಹಾಲು ಇಳಿಯುವುದು ತಡವಾಗುವುದುಂಟು, ಮಗ್ಗುಲಾಗುವುದೇ ಕಷ್ಟ. ಅರ್ಜೆಂಟೀನಾದ ಆ ತಾಯಂದಿರಲ್ಲಿ ಮೂರು ತಿಂಗಳಿಗೂ ಬರೀ ಎದೆಹಾಲು ಕೊಡುತ್ತಿದ್ದವರು ಶೇ. 86. ಅಷ್ಟು ಭದ್ರವಾದ ತಳಹದಿಯ ಮೇಲೆ ನಿಂತ ಫಲಿತಾಂಶವನ್ನು ಇನ್ನೂ ತಳಹದಿ ಕಟ್ಟುತ್ತಿರುವ ಕಡೆಗೆ ಹಾಗೇ ತಂದು ಹಾಕುವುದು ಸರಿಯೆ?

ಕೂಸಿನ ಬಾಯಿಗೆ ಏನಾದರೂ ಕೊಟ್ಟು ಸುಮ್ಮನಾಗಿಸುವುದು ಪರದೇಶದಿಂದ ಬಂದ ಚಟ ಎಂದು ಹೇಳುವವರಿದ್ದಾರೆ. ಅದು ನ್ಯಾಯದ ಮಾತಲ್ಲ. ಕೈಗೆ ಬಜೆ ಕಟ್ಟಿ ಚೀಪಲು ಬಿಡುವುದು, ಸಕ್ಕರೆ ನೀರಲ್ಲಿ ಅದ್ದಿದ ಬಟ್ಟೆ ಬಾಯಿಗಿಡುವುದು, ನಾಲಿಗೆಗೆ ಜೇನು ಸವರುವುದು ನಮ್ಮಲ್ಲೂ ಹಿಂದಿನಿಂದ ಇದೆ. ಇವುಗಳಿಗೆ ಹೋಲಿಸಿದರೆ ಶುಚಿಯಾದ ನಿಪ್ಪಲ್ ಎಷ್ಟೋ ವಾಸಿ. ಜೇನಿನಲ್ಲಿ ಬಾಟ್ಯುಲಿಸಂ ಎಂಬ ರೋಗದ ಬೀಜಕಣಗಳಿರಬಹುದು, ಆದ್ದರಿಂದ ಒಂದು ವರ್ಷ ತುಂಬುವ ತನಕ ಮಕ್ಕಳಿಗೆ ಜೇನು ಕೊಡಲೇಬಾರದು. ನಿಪ್ಪಲ್ಲಿಗೆ ಜೇನು ಹಚ್ಚಿ ಕೊಡುವವರಂತೂ ಎರಡು ಅಪಾಯಗಳನ್ನು ಒಟ್ಟಿಗೆ ತರುತ್ತಿದ್ದಾರೆ. ಹಿಂದಿನ ಬಾಣಂತನದಲ್ಲಿ ಒಳ್ಳೆಯದಿದ್ದದ್ದು ಬೇರೆ. ತವರಿನಲ್ಲಿ ಮೂರು ತಿಂಗಳೋ ಐದು ತಿಂಗಳೋ ಬಾಣಂತಿಗೆ ಬೇರೆ ಕೆಲಸವಿರಲಿಲ್ಲ, ಮಗುವನ್ನು ಎತ್ತಿಕೊಳ್ಳಲು ಅಜ್ಜಿ, ಚಿಕ್ಕಮ್ಮ, ನೆರೆಮನೆಯವರು ಇರುತ್ತಿದ್ದರು, ತೊಟ್ಟಿಲು ತೂಗಿ ಜೋಗುಳ ಹಾಡುವವರಿಗೂ ಕೊರತೆಯಿರಲಿಲ್ಲ. ಹಸಿವಿಲ್ಲದೆಯೂ ಚೀಪಬೇಕೆಂಬ ಆಸೆ ಕೂಸಿಗೆ ಹುಟ್ಟಿನಿಂದಲೇ ಇರುತ್ತದೆ. ಹಾಲು ಬರುವಾಗ ಸೆಕೆಂಡಿಗೆ ಒಂದರಂತೆ ನಿಧಾನವಾಗಿ, ಬರದಿದ್ದಾಗ ಎರಡರಂತೆ ಬೇಗ ಬೇಗ ಚೀಪುತ್ತದೆ. ಆ ಆಸೆಗೆ ತಾಯಿಯ ಮೊಲೆಯೇ ಒದಗುತ್ತಿತ್ತು, ಯಾಕೆಂದರೆ ತಾಯಿಗೆ ಎದ್ದುಹೋಗುವ ಅವಸರವಿರಲಿಲ್ಲ.

ಮಾಕಳಿಯ ಬಾಡಿಗೆ ಮನೆಯಲ್ಲಿ ಆ ಕೈಗಳಿಲ್ಲ. ಪೀಣ್ಯದ ಕಡೆಗೋ ನೆಲಮಂಗಲದ ಕಡೆಗೋ ಕೆಲಸಕ್ಕೆ ಹೋಗುವ ಗಂಡ ಪಾಳಿ ಮುಗಿಸಿ ಬಂದು ಮಲಗಬೇಕು, ಒಂದೇ ಕೋಣೆ, ಗೋಡೆಯಾಚೆ ಇನ್ನೊಂದು ಸಂಸಾರ. ರಾತ್ರಿ ಎರಡು ಗಂಟೆಗೆ ಕೂಸು ಅತ್ತರೆ ತಾಯಿಗೆ ಹಸಿವಿನ ಯೋಚನೆಗಿಂತ ಮೊದಲು ಅಕ್ಕಪಕ್ಕದವರು ಏನನ್ನುತ್ತಾರೋ ಎಂಬ ಸಂಕೋಚ ಕಾಡುತ್ತದೆ. ಇಂಥ ಕಡೆ ನಿಪ್ಪಲ್ ತುಂಬುವುದು ಹಾಲಿನ ಜಾಗವನ್ನಲ್ಲ, ಇಲ್ಲದ ಜನರ ಜಾಗವನ್ನು. ಬ್ರೆಜಿಲ್‌ನ ಪೆಲೋಟಾಸ್ ಪಟ್ಟಣದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಕಂಡಿತು. ಅಲ್ಲಿನ ಸಂಶೋಧಕರು ಎಣಿಕೆಯ ಜೊತೆಗೆ ಮನೆಗಳಿಗೆ ಹೋಗಿ ಕೂತು ನೋಡಿದರು. ಹಾಲೂಡುವುದರಲ್ಲಿ ಧೈರ್ಯ ಕಡಿಮೆಯಿದ್ದ ತಾಯಂದಿರು ಒಂದು ಸಲ ಕುಡಿಸಿದ್ದಕ್ಕೂ ಇನ್ನೊಂದು ಸಲಕ್ಕೂ ನಡುವಿನ ಹೊತ್ತನ್ನು ಹಿಗ್ಗಿಸಲು ನಿಪ್ಪಲ್ ಬಳಸುತ್ತಿದ್ದರು, ಮಗು ಬೇಡವೆಂದರೂ ಅಭ್ಯಾಸ ಮಾಡಿಸುತ್ತಿದ್ದರು. ಧೈರ್ಯವಿದ್ದ ತಾಯಂದಿರಿಗೆ ನಿಪ್ಪಲ್ಲಿನಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ.

ಈಗ ಆಕ್ಷೇಪಣೆಗಳಿಗೆ ಬರುತ್ತೇನೆ. ನಿಪ್ಪಲ್ ಚೀಪುತ್ತಾ ಮಲಗಿದರೆ ನಿದ್ದೆಯಲ್ಲಿ ಹಠಾತ್ ಸಾವಿನ ಸಂಭವ ಕಡಿಮೆಯಾಗುತ್ತದಂತಲ್ಲ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆಯಲ್ಲ ಎಂದು ಓದಿಕೊಂಡ ತಾಯಂದಿರು ಕೇಳುತ್ತಾರೆ. ಹೌದು, 2005ರಿಂದ ಆ ಸಲಹೆ ಇದೆ, ಅದಕ್ಕೆ ಅಧ್ಯಯನಗಳ ಆಧಾರವೂ ಇದೆ. ಅದೇ ಸಲಹೆಯಲ್ಲಿ, ಎದೆಹಾಲು ಕುಡಿಯುವ ಮಗುವಿಗೆ ಹಾಲೂಡುವುದು ಚೆನ್ನಾಗಿ ನೆಲೆಗೊಳ್ಳುವ ತನಕ ತಡೆಯಿರಿ ಎಂದೂ ಇದೆ. ಓದುವಾಗ ಈ ಭಾಗ ಬಿಟ್ಟುಹೋಗುತ್ತದೆ. ಎರಡು ತಿಂಗಳಾದರೂ ಎದೆಹಾಲು ಕುಡಿದ ಮಗುವಿಗೆ ಆ ಸಾವಿನ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಗುವನ್ನು ಅಂಗಾತ ಮಲಗಿಸುವುದು, ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆಯಿಲ್ಲದಿರುವುದು, ಮುಖಕ್ಕೆ ದಿಂಬು ಹೊದಿಕೆ ಬೀಳದಂತೆ ನೋಡುವುದು, ಇವೆಲ್ಲ ಮೊದಲ ದಿನದಿಂದಲೇ ಮಾಡಬಹುದಾದ ಕೆಲಸ. ನಮ್ಮ ಕಡೆ ಎಳೆಯ ಮಕ್ಕಳ ಜೀವಕ್ಕೆ ಭೇದಿ, ನ್ಯುಮೋನಿಯಾಗಳ ಕಾಟ ಹೆಚ್ಚು, ಅವೆರಡರಿಂದಲೂ ಕಾಪಾಡುವುದು ಎದೆಹಾಲು. ಹಾಲನ್ನು ಪಣಕ್ಕಿಟ್ಟು ಪಡೆಯುವ ರಕ್ಷಣೆ ನಮಗೆ ಲಾಭದ್ದಲ್ಲ.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಯವರೇ ನಿಪ್ಪಲ್ ಕೊಡುತ್ತಾರಲ್ಲ ಎಂಬುದು ಮತ್ತೊಂದು ಪ್ರಶ್ನೆ. ಅದು ಬೇರೆಯೇ ಸಂಗತಿ, ಅದಕ್ಕೆ ನನ್ನ ತಕರಾರಿಲ್ಲ. ನಳಿಕೆಯಲ್ಲಿ ಹಾಲು ತೆಗೆದುಕೊಳ್ಳುತ್ತಿರುವ ಕೂಸಿಗೆ ಚೀಪುವ ಅಭ್ಯಾಸ ಕೊಟ್ಟರೆ ಬಾಯಲ್ಲಿ ಕುಡಿಯುವುದನ್ನು ಬೇಗ ಕಲಿಯುತ್ತದೆ, ಆಸ್ಪತ್ರೆಯಿಂದ ಬೇಗ ಬಿಡುಗಡೆಯಾಗುತ್ತದೆ ಎಂದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಅಲ್ಲಿ ನರ್ಸ್ ಇದ್ದಾರೆ, ದಿನಾ ತೂಕ ನೋಡುತ್ತಾರೆ, ಕುಡಿದ ಹಾಲಿನ ಲೆಕ್ಕವಿದೆ. ಅಂಥ ಮಕ್ಕಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಇನ್ನೂ ಒಳ್ಳೆಯದು. ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಕೂಡಿ ಇದನ್ನು ಜಿಲ್ಲೆಯುದ್ದಕ್ಕೂ ನಡೆಸಿ ತೋರಿಸಿವೆ. ಸರಿಯಾದ ದಿನಕ್ಕೆ ಹುಟ್ಟಿದ ಮಗುವಿಗೂ ಆ ಉಪಾಯ ನಡೆಯುತ್ತದೆ. ಅಳುವ ಕೂಸನ್ನು ಬರಿಮೈಯಲ್ಲಿ ಎದೆಗೆ ಒರಗಿಸಿಕೊಂಡು ಮೇಲೆ ಬಟ್ಟೆ ಹೊದ್ದರೆ ಸಾಕು, ತಂದೆಯೂ ಮಾಡಬಹುದು. ಚುಚ್ಚುಮದ್ದಿನ ದಿನ ಮೊಲೆ ಕುಡಿಸುತ್ತಲೇ ಸೂಜಿ ಹಾಕಿಸಿದರೆ ನೋವು ಕಡಿಮೆಯಾಗುತ್ತದೆ ಎಂಬುದಕ್ಕೂ ಒಳ್ಳೆಯ ಪುರಾವೆಯಿದೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ ತಾಯಿಯ ಕಡೆಯದು. ಆಕೆಗೆ ನಿದ್ದೆಯಿಲ್ಲ, ಸೊಂಟ ನೋವು, ಮನಸ್ಸು ಕುಗ್ಗಿದೆ. ಹತ್ತು ನಿಮಿಷ ಸ್ನಾನ ಮಾಡುವುದಕ್ಕೂ ಆಗದ ಹೆಂಗಸಿಗೆ ನಿಪ್ಪಲ್ಲನ್ನೂ ಬೇಡವೆನ್ನುವುದು ಕ್ರೂರವಲ್ಲವೆ? ಈ ಮಾತಿಗೆ ನಾನು ತಲೆಬಾಗುತ್ತೇನೆ. ತಿಂಗಳು ಕಳೆದು ಮಗು ದಿನಕ್ಕೆ 20ರಿಂದ 30 ಗ್ರಾಂನಂತೆ ತೂಕ ಏರಿಸಿಕೊಳ್ಳುತ್ತಿದ್ದರೆ, ದಿನಕ್ಕೆ ಆರು ಸಲಕ್ಕೆ ಕಡಿಮೆಯಿಲ್ಲದೆ ಉಚ್ಚೆ ಹೊಯ್ಯುತ್ತಿದ್ದರೆ, ಹೊಟ್ಟೆತುಂಬ ಕುಡಿದೂ ನಿದ್ದೆಗೆ ಮುಂಚೆ ರಚ್ಚೆ ಹಿಡಿಯುತ್ತಿದ್ದರೆ, ಆ ಹೊತ್ತಿಗೆ ನಿಪ್ಪಲ್ ಕೊಟ್ಟ ತಾಯಿಯನ್ನು ಯಾರೂ ದೂರಬಾರದು. ಆರನೆಯ ವಾರದ ಹೊತ್ತಿಗೆ ಬಹುಪಾಲು ಮಕ್ಕಳ ಅಳು ತುತ್ತತುದಿಗೆ ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಇದು ಗೊತ್ತಿದ್ದರೇ ಅರ್ಧ ಭಯ ಹೋಗುತ್ತದೆ. ಆದರೆ ಮೊದಲ ತಿಂಗಳಲ್ಲಿ ಆಕೆಗೆ ಬೇಕಾದದ್ದು ಮಗುವನ್ನು ಒಂದು ಗಂಟೆ ಎತ್ತಿಕೊಳ್ಳುವ ಇನ್ನೊಬ್ಬರು. ನಲವತ್ತು ರೂಪಾಯಿಯೋ ನೂರು ರೂಪಾಯಿಯೋ ಕೊಟ್ಟು ನಿಪ್ಪಲ್ ತಂದು ಕೊಟ್ಟರೆ ತನ್ನ ಪಾಲು ಮುಗಿಯಿತು ಎಂದು ಗಂಡ ಭಾವಿಸಬಾರದು. ಅತ್ತೆ, ತಾಯಿ ಊರಿನಿಂದ ಬಂದು ಇರಲಾಗದಿದ್ದರೆ ಅಡುಗೆ, ಬಟ್ಟೆ, ನೀರು ಹಿಡಿಯುವ ಕೆಲಸ ಆತನದ್ದೇ.

ಕೆಲಸಕ್ಕೆ ಮರಳುವ ತಾಯಂದಿರ ಮಾತು ಇದಕ್ಕೆ ಸೇರಿದ್ದೇ. ಹೆರಿಗೆ ಸೌಲಭ್ಯ ಕಾನೂನಿಗೆ ಆದ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಬಂದಿತು, ಐವತ್ತು ಮತ್ತು ಹೆಚ್ಚು ಜನರಿರುವ ಕಡೆ ಶಿಶುವಿಹಾರ ಇರಬೇಕೆಂದಾಯಿತು. ಮಗುವಿಗೆ ಹದಿನೈದು ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಲು ಬಿಡುವು ಕೊಡಬೇಕೆಂಬ ನಿಯಮ 1961ರ ಆ ಮೂಲ ಕಾನೂನಿನಿಂದ ಬಂದದ್ದು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಗುತ್ತಿಗೆಯಲ್ಲಿ ದುಡಿಯುವವರಿಗೆ, ಮನೆಗೆಲಸದವರಿಗೆ, ಕಟ್ಟಡದ ಕೆಲಸದವರಿಗೆ ಇದು ಕೈಗೆ ಸಿಗುವುದು ಕಷ್ಟ. ಎರಡು ತಿಂಗಳಿಗೇ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಹೊರಡುವ ತಾಯಿಗೆ ನಾನು ಹೇಳುವುದಿಷ್ಟು. ಹಾಲನ್ನು ಶುಚಿಯಾದ ಸ್ಟೀಲ್ ಬಟ್ಟಲಿಗೆ ಕೈಯಿಂದ ಹಿಂಡಿ ಮುಚ್ಚಿಟ್ಟರೆ ಹೊರಗೆ ನಾಲ್ಕು ಗಂಟೆ ಕೆಡುವುದಿಲ್ಲ. ಅದನ್ನು ಬಾಟಲಿಯಲ್ಲಿ ಹಾಕಿ ಕೊಡುವ ಬದಲು ನಮ್ಮ ಹಳೆಯ ಒಳಲೆಯಲ್ಲಿ ಕುಡಿಸಿದರೆ ಮಗು ಮೊಲೆಯನ್ನೂ ಬಿಡುವುದಿಲ್ಲ, ತೊಳೆಯುವುದೂ ಸುಲಭ. ಅಜ್ಜಿ ನಡುವೆ ಸಮಾಧಾನಕ್ಕೆ ನಿಪ್ಪಲ್ ಕೊಟ್ಟರೂ ಸಂಜೆ ತಾಯಿ ಮನೆಗೆ ಬಂದ ಮೇಲೆ ಅದು ಬೇಡ, ಆಗ ಮೊಲೆಯೇ ಇರಲಿ.

ನಿಪ್ಪಲ್ ಕೊಡುವುದಾದರೆ ಅದನ್ನು ದಿನಕ್ಕೊಂದು ಸಲವಾದರೂ ಕುದಿಸಬೇಕು. ಟ್ಯಾಂಕರ್, ಬೋರ್‌ವೆಲ್ ನೀರಿನ ಊರುಗಳಲ್ಲಿ ನಲ್ಲಿ ನೀರಿಗೆ ಹಿಡಿದರೆ ಸಾಲದು. ನೆಲಕ್ಕೆ ಬಿದ್ದದ್ದನ್ನು ಸೆರಗಿಗೆ ಒರೆಸಿಯೋ ತಮ್ಮ ಬಾಯಲ್ಲಿಟ್ಟು ತೆಗೆದೋ ಕೊಡಬಾರದು. ದಾರ ಕಟ್ಟಿ ಕೊರಳಿಗೆ ಹಾಕಿದರೆ ಉರುಳಾಗುವ ಭಯವಿದೆ. ಆರು ತಿಂಗಳಾಗಿ ರಾಗಿ ಸರಿ, ಮೆತ್ತಗಿನ ಅನ್ನ ಶುರುವಾಗುವಾಗ ಬಿಡಿಸುತ್ತಾ ಬರುವುದು ಒಳ್ಳೆಯದು. ಫಿನ್‌ಲೆಂಡಿನಲ್ಲಿ ಆರು ತಿಂಗಳ ನಂತರ ನಿಪ್ಪಲ್ ಬಳಕೆ ತಗ್ಗಿಸಲು ತಂದೆತಾಯಿಗಳಿಗೆ ತಿಳಿಹೇಳಿದ ಕೇಂದ್ರಗಳಲ್ಲಿ ಮಕ್ಕಳ ಕಿವಿಸೋಂಕು ಶೇ. 29ರಷ್ಟು ಕಡಿಮೆಯಾಯಿತೆಂದು 2000ದಲ್ಲಿ ವರದಿಯಾಗಿದೆ. ಮೂರು ವರ್ಷದ ತನಕ ಎಳೆದರೆ ಹಲ್ಲಿನ ಸಾಲು ಕೆಡಬಹುದು.

ಸರ್ಕಾರ ಮಾಡಬೇಕಾದ ಎರಡು ಕೆಲಸಗಳಿವೆ. 1992ರ ಶಿಶು ಹಾಲಿನ ಬದಲಿ ಪದಾರ್ಥಗಳ ಕಾನೂನು ಹಾಲಿನ ಬಾಟಲಿಯನ್ನು, ಅದರ ತೊಟ್ಟನ್ನು ಹಿಡಿತಕ್ಕೆ ತಂದಿದೆ. ಅವುಗಳನ್ನು ಜಾಹೀರಾತು ಮಾಡುವಂತಿಲ್ಲ. ಬಾಟಲಿಗೆ ಸೇರದ ಈ ನಿಪ್ಪಲ್ಲನ್ನು ಆ ಕಾನೂನು ಹೆಸರಿಸಿಲ್ಲ. ಮಾರಾಟ ನಿಲ್ಲಿಸಬೇಕೆಂದು ನಾನು ಕೇಳುತ್ತಿಲ್ಲ. ಮೊದಲ ತಿಂಗಳು ಬೇಡ ಎಂಬ ಎಚ್ಚರಿಕೆಯನ್ನು ಕನ್ನಡದಲ್ಲಿ ಡಬ್ಬದ ಮೇಲೆ ಮುದ್ರಿಸುವುದು ಕಷ್ಟವೇನಲ್ಲ. ಎರಡನೆಯದು ಆಶಾ ಕಾರ್ಯಕರ್ತೆಯರ ಮನೆಭೇಟಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಅವರು ಬರಬೇಕೆಂಬ ವ್ಯವಸ್ಥೆ 2011ರಿಂದ ಇದೆ. ಊರು ಹಳ್ಳಿಯೂ ಅಲ್ಲದೆ ನಗರವೂ ಅಲ್ಲದೆ ಬೆಳೆದ ಕಡೆ, ಬಾಡಿಗೆ ಮನೆ ಬದಲಿಸುತ್ತಾ ಇರುವವರ ಬಾಗಿಲಿಗೆ ಈ ಭೇಟಿ ತಪ್ಪದೆ ಮುಟ್ಟಬೇಕು. ಹುಟ್ಟಿದ ಮೇಲೆ ಇಳಿದ ತೂಕ ಹದಿನಾಲ್ಕನೆಯ ದಿನದ ಹೊತ್ತಿಗೆ ಮರಳಿ ಬಂದಿರಬೇಕು. ಬಂದಿಲ್ಲದಿದ್ದರೆ ಆಶಾ ಕಾರ್ಯಕರ್ತೆ ಪುಡಿ ಹಾಲಿನ ಮಾತೆತ್ತುವ ಮುಂಚೆ ಮಗು ಮೊಲೆ ಹಿಡಿಯುವ ರೀತಿಯನ್ನು ಕೂತು ನೋಡಬೇಕು, ಆಮೇಲೆ ಮೂರು ಪ್ರಶ್ನೆ ಕೇಳಬೇಕು: ಬಾಯಿಗೆ ನಿಪ್ಪಲ್ ಕೊಡ್ತಿದೀರಾ ಅಮ್ಮ, ದಿನಕ್ಕೆ ಎಷ್ಟು ಹೊತ್ತು ಇಟ್ಟಿರ್ತೀರಿ, ರಾತ್ರಿ ನಿಮ್ಮ ಜೊತೆ ಯಾರು ಎದ್ದೇಳ್ತಾರೆ?